ಕಳೆದ ವರ್ಷದ ಮಾದರಿ

ನನ್ನ ತಮ್ಮ ಬೇಕರಿಯ ಭಟ್ಟಿ ಒಡೆಸುತ್ತಿದ್ದಾನೆ ಎಂದು ಅವನ ಹೆಂಡತಿ ಆಫೀಸಿಗೆ ಫೋನು ಮಾಡಿ ಹೇಳಿದಾಗ ನಾನು ವಾರ್ಷಿಕ ವರದಿಯ ಕೊನೆಯ ಪುಟ ಬರೆಯುತ್ತಿದ್ದೆ. ‘ಆಮದಾದ ಗೋಧಿಯ ಗುಣಮಟ್ಟ ಕಳೆದ ವರ್ಷಕ್ಕೆ ಸಮನಾಗಿದೆ.’ ಈ ವಾಕ್ಯವನ್ನು ಇಪ್ಪತ್ತೇಳು ವರ್ಷಗಳಿಂದ ಬರೆಯುತ್ತ ಬಂದಿದ್ದೇನೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಹೇಳುತ್ತೇನೆ.

“ಶುಕ್ರವಾರ ಒಡೆಯೋರು ಬರ್ತಾರಂತೆ ಅತ್ತಿಗೆ,” ಎಂದಳು ಅವಳು. “ಭಟ್ಟಿ ಇದ್ದ ಜಾಗದಲ್ಲಿ ಪ್ಯಾಕೆಟ್ ಬ್ರೆಡ್ಡಿನ ಕಪಾಟು ನಿಲ್ಲಿಸ್ತಾರಂತೆ. ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ. ನೀವು ಹೇಳಿದ್ರೆ ಕೇಳ್ತಾರೆ.”

ನಾನು ಹೇಳಿದರೆ ಅವನು ಕೇಳುತ್ತಾನೆ ಎನ್ನುವುದು ನಿಜ. ಎಲ್ಲ ಹಾಳಾದದ್ದೂ ಅದರಿಂದಲೇ. ಆದರೆ ಆ ಮಂಗಳವಾರ ಬೆಳಿಗ್ಗೆ ನನಗೆ ಅಷ್ಟು ಬುದ್ಧಿ ಇರಲಿಲ್ಲ. “ಸಂಜೆ ಬರ್ತೀನಿ ಬಿಡು,” ಎಂದು ಫೋನಿಟ್ಟೆ.

ನನ್ನ ಕೆಲಸ ಬಂದರಿನ ಧಾನ್ಯ ಪರೀಕ್ಷಾ ಕಚೇರಿಯಲ್ಲಿ. ನಮ್ಮ ದೇಶ ತಿನ್ನುವ ಗೋಧಿಯಲ್ಲಿ ಮುಕ್ಕಾಲು ಪಾಲು ಹಡಗಿನಲ್ಲಿ ಬರುತ್ತದೆ, ಬಂದದ್ದೆಲ್ಲ ನಮ್ಮ ಮೇಜಿನ ಮೇಲೆ ಹಾದು ಹೋಗಬೇಕು. ಟೊಳ್ಳು ಸಲಾಕೆಯನ್ನು ರಾಶಿಯೊಳಕ್ಕೆ ಚುಚ್ಚಿ ಕಾಳು ಎಳೆಯುತ್ತೇವೆ, ಕಪ್ಪು ಬಟ್ಟೆಯ ಮೇಲೆ ಹರವುತ್ತೇವೆ, ಪಕ್ಕದಲ್ಲಿ ಗಾಜಿನ ಮುಚ್ಚಳದ ಡಬ್ಬಿ ಇಟ್ಟುಕೊಂಡು ಹೋಲಿಸುತ್ತೇವೆ. ಆ ಡಬ್ಬಿಯಲ್ಲಿರುವುದೇ ಮಾದರಿ. ಬಂದ ಗೋಧಿ ಮಾದರಿಗೆ ಸಮ ಇದ್ದರೆ ಪಾಸು, ಕೂದಲೆಳೆಯಷ್ಟು ಕಡಿಮೆ ಇದ್ದರೂ ಪಾಸು, ತೀರಾ ಬೇರೆಯಾಗಿ ಕಂಡರೆ ವಾಪಸು. ಎಷ್ಟೋ ವರ್ಷಗಳಿಂದ ಯಾವುದೂ ವಾಪಸು ಹೋಗಿಲ್ಲ. ಆ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ತಮ್ಮನ ವಿಷಯ ಹೇಳಬೇಕು. ಬೇಕರಿ ಅಪ್ಪನದು. ಅಪ್ಪ ಮಾಡಿದ ಬ್ರೆಡ್ಡನ್ನು ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು. ಮಧ್ಯಾಹ್ನದ ಬ್ರೆಡ್ಡಿಗೆ ಬೆಳಿಗ್ಗೆಯೇ ಜನ ನಿಲ್ಲುತ್ತಿದ್ದರು. ಅಪ್ಪ ಹೋದ ಮೇಲೆ ತಮ್ಮ ಕೂತ. ಮೊದಲ ನಾಲ್ಕೈದು ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ಬ್ರೆಡ್ಡು ತಗ್ಗತೊಡಗಿತು. ಒಂದೇ ದಿನದಲ್ಲಿ ಅಲ್ಲ, ವರ್ಷಕ್ಕೆ ಇಷ್ಟಿಷ್ಟು. ನಡುವೆ ಅಂಟಂಟು, ಮೇಲೆ ಬಿರುಕು. ಅವನು ಈಸ್ಟ್ ಬದಲಿಸಿದ, ಅಚ್ಚು ಬದಲಿಸಿದ, ಭಟ್ಟಿಯ ನೆಲದ ಕಲ್ಲು ಕಿತ್ತು ಹೊಸದು ಹಾಕಿಸಿದ. ಕೈಯ ನರ ಸತ್ತಿರಬಹುದೆಂದು ಡಾಕ್ಟರ ಹತ್ತಿರವೂ ಹೋಗಿ ಬಂದ. ಬೀದಿಯ ಜನ ‘ಇಟ್ಟಿಗೆ ಬೇಕರಿ’ ಎಂದು ಹೆಸರಿಟ್ಟರು. ಮನೆ ಕಟ್ಟುವವರೆಲ್ಲ ಇಲ್ಲೇ ಬರಬಹುದು ಎಂದು ಅವನ ಎದುರಿಗೇ ನಗುತ್ತಿದ್ದರು.

ಪ್ರತಿ ವರ್ಷ ಒಂದಲ್ಲ ಒಂದು ದಿನ ಅವನು ನನ್ನನ್ನು ಕೇಳುತ್ತಿದ್ದ. “ಅಕ್ಕ, ನಿಜ ಹೇಳು. ಈ ಸಲದ ಗೋಧಿ ಹೇಗಿದೆ?”

“ಹೋದ ವರ್ಷದ ಹಾಗೇ ಇದೆ ಕಣೋ.”

“ಅದರ ಹಿಂದಿನ ವರ್ಷ?”

“ಅದೂ ಹಾಗೇ. ಗೆರೆ ಎಳೆದ ಹಾಗಿದೆ. ಬೇಕಾದ್ರೆ ವರದಿ ತಂದು ತೋರಿಸ್ತೀನಿ.”

ಒಂದು ಸಲ ನಿಜವಾಗಿಯೂ ತಂದು ತೋರಿಸಿದೆ. ವರದಿಯ ಹನ್ನೆರಡನೇ ಪುಟದಲ್ಲಿ ನಾನೇ ಸ್ಕೇಲಿಟ್ಟು ಎಳೆದ ನಕ್ಷೆ ಇತ್ತು, ಎಡದಿಂದ ಬಲಕ್ಕೆ ಮಲಗಿದ ನೇರ ಗೆರೆ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. “ಹಾಗಾದ್ರೆ ಕೈಗುಣವೇ ಹೋಯ್ತು ಅನ್ನು,” ಎಂದ. ನಾನು ಅಲ್ಲ ಎನ್ನಲಿಲ್ಲ. ಪರೀಕ್ಷಕಿ ನೋಡಿ, ಕಂಡದ್ದನ್ನು ಕಂಡ ಹಾಗೆ ಹೇಳುವವಳು! ನೆನೆಸಿಕೊಂಡರೆ ನನ್ನ ನಾಲಿಗೆಯನ್ನು ನಾನೇ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ಆ ಮಂಗಳವಾರ ಮಧ್ಯಾಹ್ನ ಒಂದು ಕಾಗದ ನನ್ನ ಸಹಿಗೆ ಬಂತು. ಬೇರೆ ಯಾವುದೋ ದೇಶಕ್ಕೆ ಹೊರಟಿದ್ದ ಹಡಗು ಎಂಜಿನ್ ಕೆಟ್ಟು ನಮ್ಮ ಬಂದರಿಗೆ ಬಂದು ನಿಂತಿತ್ತು. ನಿಂತ ಹಡಗಿನ ಧಾನ್ಯವನ್ನೂ ಪರೀಕ್ಷಿಸಬೇಕೆಂಬ ನಿಯಮವಿದೆ. ಪರೀಕ್ಷಿಸಿದವಳು ನನ್ನ ಪಕ್ಕದ ಮೇಜಿನವಳು. ನಿಯಮ ಬಿಟ್ಟು ಒಂದಿಂಚು ಆಚೀಚೆ ಆಗದ ಹೆಂಗಸು, ಅದಕ್ಕೇ ನಾವೆಲ್ಲ ಅವಳನ್ನು ಸ್ಕೇಲಮ್ಮ ಎನ್ನುತ್ತಿದ್ದೆವು. ‘ಮಾದರಿಗೆ ಹೊಂದುವುದಿಲ್ಲ. ವಾಪಸು ಯೋಗ್ಯ’ ಎಂದು ಬರೆದಿದ್ದಳು.

“ಏನಾಗಿದೆ ಅದಕ್ಕೆ? ಹುಳು ಬಿದ್ದಿದ್ಯಾ?” ಎಂದೆ.

“ಹುಳು ಏನಿಲ್ಲ ಮೇಡಂ. ಬಣ್ಣ ತುಂಬಾ ಗಾಢ, ಕಾಳು ದಪ್ಪ, ಕಲ್ಲಿನ ಹಾಗೆ ಗಟ್ಟಿ. ನಮ್ಮ ಮಾದರಿ ಪಕ್ಕ ಇಟ್ರೆ ಗೋಧಿ ಅಂತಾನೇ ಅನ್ಸಲ್ಲ.”

ಎದ್ದು ಹೋಗಿ ಬಟ್ಟೆಯ ಮೇಲಿನ ಕಾಳು ನೋಡಿದೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದೆ. ಟಕ್ ಎಂದು ಒಡೆಯಿತು. ಅಗಿಯುತ್ತ ಹೋದಂತೆ ಅಂಟಾಗಿ, ಎಳೆದರೆ ಎಳೆಯುವಂತೆ ಉಂಡೆ ಕಟ್ಟಿತು, ಸಣ್ಣಗೆ ಸಿಹಿಯೂ ಇತ್ತು. ನಾನು ಕೆಲಸಕ್ಕೆ ಸೇರಿದ ವರ್ಷ ಬರುತ್ತಿದ್ದ ಗೋಧಿ ಇದು. ಆಮೇಲೆ ಮಾದರಿಯ ಡಬ್ಬಿಯಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡೆ. ಸದ್ದೇ ಇಲ್ಲದೆ ಪುಡಿಯಾಗಿ ಹಿಟ್ಟಿನಂತೆ ನಾಲಿಗೆಗೆ ಅಂಟಿತು, ಕೊನೆಯಲ್ಲಿ ಗೋಡೆಯ ಮುಗ್ಗು ವಾಸನೆ. ಇಪ್ಪತ್ತೇಳು ವರ್ಷ ನಾನು ಕಣ್ಣಲ್ಲಿ ಹೋಲಿಸುತ್ತಿದ್ದೆ. ಮಾದರಿಯನ್ನು ಯಾರಾದರೂ ತಿಂದು ನೋಡುತ್ತಾರೆಯೇ?

ಆ ಸಂಜೆ ತಮ್ಮನ ಮನೆಗೆ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ, ಮೊದಲು ಖಾತ್ರಿ ಮಾಡಿಕೊಳ್ಳಬೇಕಿತ್ತು. ಬುಧವಾರ ಬೆಳಿಗ್ಗೆ ದಾಖಲೆ ಕೋಣೆಯ ಬಾಗಿಲು ತೆಗೆಸಿ, ಮೂಗಿಗೆ ಸೆರಗು ಕಟ್ಟಿಕೊಂಡು, ನನ್ನ ಮೊದಲ ಮೂರು ವರ್ಷದ ರಿಜಿಸ್ಟರು ಹುಡುಕಿದೆ. ಆಗ ಒಂದು ಲೀಟರ್ ಅಳತೆ ಪಾತ್ರೆಯಲ್ಲಿ ಗೋಧಿ ತುಂಬಿ ತೂಗುವ ಪದ್ಧತಿ ಇತ್ತು. ಕಾಳು ತುಂಬಿಕೊಂಡಿದ್ದರೆ ತೂಕ ಹೆಚ್ಚು, ಜೊಳ್ಳಾದರೆ ಕಡಿಮೆ. ಮೂರೂ ವರ್ಷ ಎಂಟುನೂರು ಗ್ರಾಂ ಆಸುಪಾಸು. ನಾಲ್ಕನೇ ವರ್ಷದಿಂದ ಆ ಕಾಲಮ್ಮೇ ಇಲ್ಲ. ಮಾದರಿಯೊಂದಿಗೆ ಹೋಲಿಸಿದರೆ ಸಾಕು ಎಂದು ತೆಗೆದುಹಾಕಿದ್ದರು. ಮೂಲೆಯಲ್ಲಿ ಬಿದ್ದಿದ್ದ ಲೀಟರ್ ಪಾತ್ರೆ ತೊಳೆದು ಮಾದರಿಯ ಗೋಧಿ ತೂಗಿದೆ. ಆರುನೂರ ಎಂಬತ್ತು. ಮತ್ತೆ ತೂಗಿದೆ, ಮತ್ತೂ ಆರುನೂರ ಎಂಬತ್ತು. ನಿಂತಿದ್ದ ಹಡಗಿನ ಗೋಧಿ ಎಂಟುನೂರ ಹತ್ತು ತೂಗಿತು.

ಇದು ಹೇಗಾಯಿತು ಎಂದು ನಾನು ಯಾರನ್ನೂ ಕೇಳಬೇಕಿರಲಿಲ್ಲ. ಮಾಡಿದವಳು ನಾನೇ. ನನ್ನ ಮೂರನೇ ವರ್ಷದಲ್ಲಿ ಮಾದರಿಯ ಡಬ್ಬಿಗೆ ಹುಳು ಬಿತ್ತು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಇಪ್ಪತ್ತಾರರ ಈ ಜಾಣೆ ಎದ್ದು ನಿಂತು ಒಂದು ಉಪಾಯ ಹೇಳಿದಳು. ವರ್ಷದಲ್ಲಿ ಪಾಸಾದ ಪ್ರತಿ ಹಡಗಿನಿಂದ ಒಂದೊಂದು ಹಿಡಿ ತೆಗೆದಿಡೋಣ, ವರ್ಷದ ಕೊನೆಗೆ ಎಲ್ಲ ಬೆರೆಸಿ ಅದನ್ನೇ ಮುಂದಿನ ವರ್ಷದ ಮಾದರಿ ಮಾಡೋಣ, ಯಾವಾಗಲೂ ತಾಜಾ ಇರುತ್ತದೆ. ಎಲ್ಲರೂ ಬೆನ್ನು ತಟ್ಟಿದರು. ಕೂದಲೆಳೆಯಷ್ಟು ಕಡಿಮೆ ಇದ್ದದ್ದೂ ಪಾಸು, ಪಾಸಾದದ್ದೇ ಮಾದರಿ, ಆ ಮಾದರಿಗಿಂತ ಇನ್ನೊಂದು ಕೂದಲೆಳೆ ಕಡಿಮೆ ಇದ್ದದ್ದೂ ಮರುವರ್ಷ ಪಾಸು. ನಮಗೆ ಇದು ಹೊಳೆಯಲಿಲ್ಲ. ಮಾರುವವರಿಗೆ ಎರಡೇ ವರ್ಷದಲ್ಲಿ ಹೊಳೆದಿರಬೇಕು. ಒಳ್ಳೆಯದನ್ನು ಪರೀಕ್ಷಿಸಿ ಕೊಳ್ಳುವ ದೇಶಗಳಿಗೆ ಕೊಟ್ಟು ಉಳಿದದ್ದನ್ನು ನಮ್ಮ ಬಂದರಿಗೆ ತಿರುಗಿಸಿದರು. ಅವರನ್ನು ಬಯ್ದು ಏನು ಪ್ರಯೋಜನ? ಒಂದು ಇಡೀ ದೇಶದ ತಟ್ಟೆಯನ್ನು ವರ್ಷಕ್ಕಿಷ್ಟು ಕೆಳಗಿಳಿಸಿ, ಅದರ ಮೇಲೆ ನೇರ ಗೆರೆ ಎಳೆದವಳು ನಾನು.

ರಿಜಿಸ್ಟರನ್ನೂ ಲೀಟರ್ ಪಾತ್ರೆಯನ್ನೂ ಎತ್ತಿಕೊಂಡು ಸಾಹೇಬರ ಕೋಣೆಗೆ ಹೋದೆ. ನಮ್ಮ ಸಾಹೇಬರು ಕೆಟ್ಟವರಲ್ಲ. ಪೂರ್ತಿ ಕೇಳಿದರು, ಪಾತ್ರೆಯನ್ನು ತಾವೇ ಕೈಯಲ್ಲಿ ಹಿಡಿದು ತೂಗಿಯೂ ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟರು.

“ಈಗೇನು ಮಾಡೋಣ ಅಂತೀರಿ?”

“ಹಳೇ ತೂಕ ವಾಪಸ್ ತರೋಣ ಸರ್. ಎಂಟುನೂರು ಅಂತ ನಿಗದಿ ಮಾಡೋಣ.”

“ಮಾಡೋಣ. ಮುಂದಿನ ವಾರ ಬರೋ ಐದು ಹಡಗಲ್ಲಿ ಎಷ್ಟು ಪಾಸಾಗುತ್ತೆ?”

ನಾನು ರಿಜಿಸ್ಟರಿನ ಪುಟ ತಿರುವಿದೆ.

“ಒಂದೂ ಆಗಲ್ಲ. ಗೋದಾಮಲ್ಲಿ ಇರೋದು ಇಪ್ಪತ್ತು ದಿನದ ದಾಸ್ತಾನು. ಇಪ್ಪತ್ತೊಂದನೇ ದಿನ ಜನ ಏನು ತಿಂತಾರೆ, ನಿಮ್ಮ ಪಶ್ಚಾತ್ತಾಪಾನಾ?” ಎಂದರು. ಸಿಟ್ಟಿನಲ್ಲಿ ಅಲ್ಲ, ಸುಸ್ತಾದವರ ಹಾಗೆ. “ಒಳ್ಳೇ ಗೋಧಿ ಬೆಳೆಯೋರ ಹತ್ರ ಹತ್ತು ವರ್ಷದ ಒಪ್ಪಂದ ಬೇರೆಯವರು ಮಾಡ್ಕೊಂಡಾಗಿದೆ. ನಾವು ಸಾಲಲ್ಲೇ ಇಲ್ಲ. ನೀವು ಇದನ್ನ ಇಪ್ಪತ್ತು ವರ್ಷದ ಹಿಂದೆ ಹೇಳಿದ್ರೆ ಏನಾದ್ರೂ ಮಾಡಬಹುದಿತ್ತೇನೋ. ಹೋಗಿ, ಈ ವರ್ಷದ ಮಾದರಿ ಬೆರೆಸಿ.”

ಜಗಳ ಮಾಡಬೇಕೆಂದು ಹೋದವಳು ಪಾತ್ರೆ ಎತ್ತಿಕೊಂಡು ಹೊರಗೆ ಬಂದೆ. ಅವರು ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ. ಮೇಜಿಗೆ ಬಂದು ಕೂತೆ. ದೇಶದ ವಿಷಯ ನನ್ನ ಕೈ ಮೀರಿತ್ತು. ಒಬ್ಬ ಮನುಷ್ಯನ ವಿಷಯವಾದರೂ ಸರಿ ಮಾಡಬಹುದಲ್ಲ ಎಂದು ಆಗ ಅನ್ನಿಸಿತು. ಪರೀಕ್ಷೆ ಮುಗಿದ ಮೇಲೆ ಉಳಿದ ಕಾಳನ್ನು ಪಾರಿವಾಳಕ್ಕೆ ಚೆಲ್ಲುವುದು ನಮ್ಮ ವಾಡಿಕೆ. ನಿಂತ ಹಡಗಿನದು ಆರು ಕಿಲೋ ಉಳಿದಿತ್ತು. ಸ್ಕೇಲಮ್ಮನನ್ನು ಕೇಳಿ ಚೀಲಕ್ಕೆ ಹಾಕಿಕೊಂಡೆ.

“ವಾಪಸು ಯೋಗ್ಯ ಅಂತ ಬರೆದಿದೀನಿ ಮೇಡಂ, ಹೊಟ್ಟೆಗೆ ಆಗುತ್ತೋ ಇಲ್ವೋ,” ಎಂದು ಅವಳು ನಿಜವಾದ ಕಾಳಜಿಯಿಂದ ಹೇಳಿದಳು.

ಆ ಸಂಜೆಯೇ ಗಿರಣಿಗೆ ಹೋಗಿ ಬೀಸಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು, ಗುರುವಾರ ಅರ್ಧ ದಿನ ರಜೆ ಹಾಕಿ ಬೇಕರಿಗೆ ಹೋದೆ. ಅಂಗಡಿಯ ಮುಂಭಾಗದಲ್ಲಿ ಆಗಲೇ ಪ್ಯಾಕೆಟ್ ಬ್ರೆಡ್ಡಿನ ಕಂಪನಿಯವರು ಅಳತೆ ತೆಗೆದು ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ದರು. ತಮ್ಮ ಖಾಲಿ ಅಚ್ಚುಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದ. ಐವತ್ತು ತುಂಬುವ ಮೊದಲೇ ಬೆನ್ನು ಬಗ್ಗಿಸಿಕೊಂಡು ನಡೆಯುತ್ತಾನೆ.

“ತಡಿಯೋಕೆ ಬಂದ್ಯಾ?” ಎಂದ.

“ಹೂಂ. ಅದಕ್ಕಿಂತ ಮೊದಲು ಒಂದು ಮಾತು ಕೇಳು. ಕೂತ್ಕೋ.”

ಎಲ್ಲ ಹೇಳಿದೆ. ಡಬ್ಬಿಯ ಹುಳು, ನನ್ನ ಜಾಣತನ, ಕೂದಲೆಳೆ, ಲೀಟರಿನ ತೂಕ, ಒಂದನ್ನೂ ಮುಚ್ಚಿಡಲಿಲ್ಲ. “ನಿನ್ನ ಕೈಗೆ ಏನೂ ಆಗಿಲ್ಲ ಕಣೋ. ಇಷ್ಟು ವರ್ಷ ನಿನಗೆ ಸಿಕ್ಕಿದ್ದು ಜೊಳ್ಳು. ಅದನ್ನ ಸರಿ ಇದೆ ಸರಿ ಇದೆ ಅಂತ ಹೇಳಿ ನಿನ್ನ ನಂಬಿಸಿದವಳು ನಾನು. ಬಯ್ಯೋದಾದ್ರೆ ಬಯ್ಯಿ.” ಹೇಳುತ್ತ ಹೇಳುತ್ತ ಅಳು ಬಂತು. ಅವನು ಬಯ್ಯಲಿಲ್ಲ. ಚೀಲದ ಬಾಯಿ ಬಿಚ್ಚಿ ಹಿಟ್ಟನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದ. ಅವನ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದಿದ್ದ ಒಂದು ಚುರುಕು ಬಂತು.

“ಒಂದು ಭಟ್ಟಿ ಹಾಕೋಣ್ವಾ?” ಎಂದ. “ಸರಿ ಬಂದ್ರೆ ನಾಳೆ ಬರೋರಿಗೆ ಬೇಡ ಅಂದ್ಬಿಡ್ತೀನಿ. ಹಿಟ್ಟು ಎಂಥದ್ದೇ ಸಿಗಲಿ, ಕೈ ಇದೆ ಅಂತ ಗೊತ್ತಾದ್ರೆ ಏನೋ ಒಂದು ಮಾಡ್ಕೋತೀನಿ ಅಕ್ಕ. ಅದೊಂದು ಗೊತ್ತಾಗ್ಬೇಕು ಅಷ್ಟೇ.”

“ಅರ್ಧ ಇಟ್ಕೊಳೋ,” ಎಂದೆ.

“ಅರ್ಧಕ್ಕೆ ಭಟ್ಟಿ ಕಾಯಿಸೋಕಾಗುತ್ತಾ?” ಎಂದು ಚೀಲದ ಅಷ್ಟೂ ಹಿಟ್ಟನ್ನು ಮರದ ತೊಟ್ಟಿಗೆ ಸುರಿದ.

ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಅವನು ತೋಳು ಮಡಿಸಿ ಕೆಲಸಕ್ಕೆ ಇಳಿದ. ನೀರನ್ನು ಎಂದಿನಂತೆ ಸ್ವಲ್ಪ ಸ್ವಲ್ಪವೇ ಚಿಮುಕಿಸಿದ. ಹಿಟ್ಟು ಒಟ್ಟಾಗುತ್ತಲೇ ನೀರು ನಿಲ್ಲಿಸಿದ. ಹತ್ತು ನಿಮಿಷ ಬೇಗಬೇಗ ನಾದಿದ. ಹೆಚ್ಚು ನಾದಿದರೆ ಹಿಟ್ಟು ಸೋಲುತ್ತದೆ ಎಂಬ ಭಯ ಅವನ ಮೊಣಕೈಯಲ್ಲೇ ಕಾಣುತ್ತಿತ್ತು. ಉಬ್ಬಲು ಇಟ್ಟವನು ಮುಕ್ಕಾಲು ಗಂಟೆಗೇ ತೆಗೆದು ಅಚ್ಚಿಗೆ ಹಾಕಿದ. ಇನ್ನೂ ಸ್ವಲ್ಪ ಬಿಡಬಾರದೇ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಆದರೆ ಇಷ್ಟು ವರ್ಷ ಅವನ ಕೈಯ ಮೇಲೆ ತೀರ್ಪು ಕೊಟ್ಟವಳು ನಾನು, ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರೋಣ ಎಂದು ನುಂಗಿಕೊಂಡೆ. ಭಟ್ಟಿಯ ಕಬ್ಬಿಣದ ಬಾಗಿಲು ಮುಚ್ಚಿ ಅವನು ನನ್ನ ಪಕ್ಕ ಬೆಂಚಿನ ಮೇಲೆ ಕೂತ. ವಾಸನೆ ಬಂತು. ಅಪ್ಪನ ಕಾಲದ ವಾಸನೆ, ಸುಳ್ಳಲ್ಲ. ಅವನು ನನ್ನ ಮೊಣಕಾಲಿನ ಮೇಲೆ ಮೆಲ್ಲಗೆ ಗುದ್ದಿ ನಕ್ಕ.

ಬಾಗಿಲು ತೆಗೆದು ಅಚ್ಚುಗಳನ್ನು ಹೊರಗೆ ಎಳೆದ. ಬಣ್ಣ ಬಂದಿತ್ತು. ಎತ್ತರ ಬಂದಿರಲಿಲ್ಲ. ಹದಿನಾಲ್ಕು ಬ್ರೆಡ್ಡು, ಹದಿನಾಲ್ಕೂ ಅಚ್ಚಿನ ಅಂಚಿಗಿಂತ ಎರಡು ಬೆರಳು ಕೆಳಗೆ. ಎಂದಿನದಕ್ಕಿಂತ ತಗ್ಗು. ಅವನು ಒಂದನ್ನು ಬೋರಲು ಹಾಕಿ ಬೆರಳಿನಿಂದ ತಟ್ಟಿದ, ಮರದ ಸದ್ದು ಬಂತು. ಚಾಕುವಿನಿಂದ ಕೊಯ್ದ. ಒಳಗೆ ಒಂದೂ ರಂಧ್ರವಿಲ್ಲದೆ ಬಿಗಿಯಾಗಿ ಕೂತಿತ್ತು.

ಆಗ ನನಗೆ ಅರ್ಥವಾಯಿತು. ಈ ಹಿಟ್ಟು ನೀರು ಕುಡಿಯುತ್ತದೆ. ಅಪ್ಪ ನಾದುವಾಗ ಮೊಣಕೈವರೆಗೆ ಮೆತ್ತಿಕೊಂಡಿರುತ್ತಿತ್ತು, ಅರ್ಧ ಗಂಟೆ ನಾದುತ್ತಿದ್ದ, ಒಂದು ಬೆಳಿಗ್ಗೆಯೆಲ್ಲ ಉಬ್ಬಲು ಬಿಡುತ್ತಿದ್ದ. ತಮ್ಮನೂ ಮೊದಮೊದಲು ಹಾಗೇ ಮಾಡುತ್ತಿದ್ದ. ಆಮೇಲೆ ಹಿಟ್ಟು ಇಳಿಯುತ್ತ ಹೋದಂತೆ, ಅವನಿಗೇ ಗೊತ್ತಿಲ್ಲದೆ, ಅವನ ಕೈ ವರ್ಷಕ್ಕಿಷ್ಟು ನೀರು ಕಡಿಮೆ ಮಾಡಿತು, ವರ್ಷಕ್ಕಿಷ್ಟು ಹೊತ್ತು ಕಡಿಮೆ ಮಾಡಿತು. ಜೊಳ್ಳು ಗೋಧಿಯಿಂದ ಅಷ್ಟಾದರೂ ಎಬ್ಬಿಸಿದ್ದು ದೊಡ್ಡ ಕೈ. ಅಂಥ ಕೈಗೆ ಈಗ ಒಳ್ಳೆಯ ಗೋಧಿ ತಿಳಿಯುವುದಿಲ್ಲ.

“ನೀರು ಸಾಲಲಿಲ್ಲ ಕಣೋ,” ಎಂದೆ. “ಅಪ್ಪ ಎಷ್ಟು ಹಾಕ್ತಿದ್ದ ನೆನಪು ಮಾಡ್ಕೋ. ನಿನ್ನ ಕೈ ಕೆಟ್ಟ ಹಿಟ್ಟಿಗೆ ಹೊಂದ್ಕೊಂಡಿದೆ ಅಷ್ಟೇ. ಇನ್ನೊಂದು ಸಲ ಮಾಡಿದ್ರೆ...”

“ಇನ್ನೊಂದು ಸಲಕ್ಕೆ ಹಿಟ್ಟು ಇದ್ಯಾ?”

ಇರಲಿಲ್ಲ. ಎಂಜಿನ್ ಸರಿಯಾಗಿ ಹಡಗು ಆ ಬೆಳಿಗ್ಗೆಯೇ ಹೊರಟುಹೋಗಿತ್ತು.

“ಸಾಕು ಬಿಡಕ್ಕ,” ಎಂದ. ದನಿಯಲ್ಲಿ ನೋವಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. “ನೀನು ಮೊದಲಿಂದ ಹೇಳ್ತಿದ್ದದ್ದೇ ಸರಿ. ತಪ್ಪು ಗೋಧಿದಲ್ಲ, ಕೈದೇ. ಇಂಥಾ ಬಂಗಾರದ ಹಿಟ್ಟು ಕೊಟ್ರೂ ಕಲ್ಲು ಮಾಡ್ದೆ ನೋಡು.”

“ಅಲ್ವೋ, ಹಾಗಲ್ಲ ಕೇಳು...”

“ನನ್ನ ಮೇಲಿನ ಪ್ರೀತಿಗೆ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಂಡೆ. ಗೊತ್ತಾಗುತ್ತೆ. ಆದ್ರೆ ನೀನು ಸುಳ್ಳು ಹೇಳೋಳಲ್ಲ ಅಂತಾನೇ ನಾನು ಇಷ್ಟು ವರ್ಷ ನಿನ್ನ ಮಾತು ನಂಬಿದ್ದು. ಈಗ ಯಾಕೆ ಹೇಳ್ತೀಯ?” ನನ್ನ ಭುಜ ತಟ್ಟಿದ. “ಮನಸ್ಸಿಗೆ ಹಚ್ಕೋಬೇಡ. ಒಂದು ಅನುಮಾನ ಉಳಿದಿತ್ತು, ಅದೂ ತೀರ್ತು.”

ಕೈ ಒರೆಸಿಕೊಂಡು ಫೋನು ತೆಗೆದ. ನಾಳೆ ಹತ್ತು ಗಂಟೆಗೆ ಬೇಡ, ಎಂಟಕ್ಕೇ ಬನ್ನಿ ಎಂದು ಒಡೆಯುವವರಿಗೆ ಹೇಳಿದ. ಆಮೇಲೆ ಒಳಗೆ ಹೋಗಿ ಮಂಚದ ಮೇಲೆ ಉರುಳಿಕೊಂಡ. ನಾನು ಹದಿನಾಲ್ಕು ಬ್ರೆಡ್ಡುಗಳ ಮುಂದೆ ಕೂತೇ ಇದ್ದೆ. ಇನ್ನು ಏನು ಹೇಳಿದರೂ ಅವನು ಅದನ್ನು ಅಕ್ಕನ ಪ್ರೀತಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ.

ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲು ಅರ್ಧ ಎಳೆದುಕೊಂಡಳು. ಅವಳ ಕಣ್ಣು ತುಂಬಿತ್ತು.

“ಗೊರಕೆ ಹೊಡೀತಿದಾರೆ ಅತ್ತಿಗೆ,” ಎಂದು ಪಿಸುಗುಟ್ಟಿದಳು. “ಎಷ್ಟು ವರ್ಷ ಆಗಿತ್ತೋ ಇಷ್ಟು ನೆಮ್ಮದಿಯಾಗಿ ಮಲಗಿ. ಏನು ಹೇಳಿ ಸಮಾಧಾನ ಮಾಡಿದ್ರಿ?”

“ನಾನು ಹೇಳಿದ್ದನ್ನ ಅವನು ನಂಬಲಿಲ್ಲ ಕಣಮ್ಮ,” ಎಂದು ಚಪ್ಪಲಿ ಹಾಕಿಕೊಂಡೆ.